ಸರಳು, ಬಕೆಟ್ಟು, ದಾರ: ಯಾವ ವಸ್ತುವಿನಲ್ಲಿ ಶಬ್ದ ಹೇಗೆ ಸಾಗುತ್ತದೆ ಎಂದು ಅಳೆದು ನೋಡುವ ಬಗೆ

"ಘನವಸ್ತುವಿನಲ್ಲಿ ಕಣಗಳು ಒತ್ತೊತ್ತಾಗಿರುತ್ತವೆ, ಹಾಗಾಗಿ ಶಬ್ದ ಬೇಗ ಸಾಗುತ್ತದೆ." ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಈ ಸಾಲು ಅರ್ಧ ಮಾತ್ರ ಸರಿ. ಸೀಸವನ್ನೇ ತೆಗೆದುಕೊಳ್ಳಿ. ಅದರ ಸಾಂದ್ರತೆ ಘನ ಮೀಟರಿಗೆ 11,340 ಕಿಲೋ, ಅಲ್ಯೂಮಿನಿಯಂದು ಬರೀ 2,700. ಒತ್ತೊತ್ತಾಗಿರುವುದೇ ಕಾರಣವಾಗಿದ್ದರೆ ಸೀಸ ಗೆಲ್ಲಬೇಕಿತ್ತು. ಆದರೆ ಸೀಸದ ಸರಳಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,200 ಮೀಟರ್ ಓಡುವಾಗ ಅಲ್ಯೂಮಿನಿಯಂ ಸರಳಿನಲ್ಲಿ 5,000 ದಾಟಿಬಿಡುತ್ತದೆ.

ವೇಗವನ್ನು ತೀರ್ಮಾನಿಸುವುದು ಎರಡು ಗುಣಗಳ ಜಗ್ಗಾಟ. ವಸ್ತು ಎಷ್ಟು ಪೆಡಸು, ಅಂದರೆ ಒತ್ತಿದರೆ ಎಷ್ಟು ಬಲವಾಗಿ ಮರಳಿ ಚಿಮ್ಮುತ್ತದೆ ಎಂಬುದು ಒಂದು. ಎಷ್ಟು ಭಾರ ಎಂಬುದು ಇನ್ನೊಂದು. ಪೆಡಸುತನವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ವೇಗ ಸಿಗುತ್ತದೆ. ಪೆಡಸು ಹೆಚ್ಚಿದರೆ ವೇಗ ಏರುತ್ತದೆ, ಭಾರ ಹೆಚ್ಚಿದರೆ ಇಳಿಯುತ್ತದೆ. ಘನವಸ್ತುಗಳು ಸಾಮಾನ್ಯವಾಗಿ ಗಾಳಿಯನ್ನು ಹಿಂದೆ ಹಾಕುವುದು ಅವು ಭಾರವಾಗಿದ್ದರೂ ಅದಕ್ಕಿಂತ ಎಷ್ಟೋ ಪಟ್ಟು ಪೆಡಸಾಗಿರುವುದರಿಂದ.

ಇನ್ನೊಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು. "ಶಬ್ದ ಚೆನ್ನಾಗಿ ಸಾಗುತ್ತದೆ" ಎನ್ನುವಾಗ ನಾವು ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಮಾತಿನಲ್ಲಿ ಕಲಸಿಬಿಡುತ್ತೇವೆ. ಎಷ್ಟು ಬೇಗ ಹೋಗುತ್ತದೆ? ದಾರಿಯಲ್ಲಿ ಎಷ್ಟು ಸೋರಿಹೋಗುತ್ತದೆ? ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಪಾಲು ಒಳಗೆ ನುಗ್ಗುತ್ತದೆ? ಮೊದಲನೆಯದರ ಉತ್ತರದಿಂದ ಉಳಿದೆರಡನ್ನು ಊಹಿಸಲು ಬರುವುದಿಲ್ಲ. ಕಿವಿಗೆ ಬೀಳುವ ವ್ಯತ್ಯಾಸಕ್ಕೆ ಬಹುಪಾಲು ಕಾರಣ ಮೂರನೆಯದು, ಎಂದರೆ ಎರಡು ವಸ್ತುಗಳು ಸೇರುವ ಜಾಗ. ಮುಂದಿನ ಪ್ರಯೋಗಗಳನ್ನು ಮಾಡುವಾಗ ಈ ಮೂರರಲ್ಲಿ ಯಾವುದನ್ನು ನೋಡುತ್ತಿದ್ದೇವೆ ಎಂದು ಕೇಳಿಕೊಳ್ಳುತ್ತಲೇ ಇರಿ.

ಬೇಕಾಗುವುದು ಇಷ್ಟು: 10ರಿಂದ 12 ಮಿ.ಮೀ. ದಪ್ಪದ, 1 ಮೀಟರ್ ಉದ್ದದ ಲೋಹದ ಸರಳು (ಎರಡು ಮೂರು ಲೋಹಗಳದ್ದು ಸಿಕ್ಕರೆ ಒಳ್ಳೆಯದು), ಚಿಕ್ಕ ಸುತ್ತಿಗೆ, ಅಳತೆ ಟೇಪು, 3 ಸೆಂ.ಮೀ. ಒಳವ್ಯಾಸದ 30 ಸೆಂ.ಮೀ. ಉದ್ದದ ಪಿವಿಸಿ ಕೊಳವೆ, ಆಳದ ಬಕೆಟ್ಟು, ಕಾಗದದ ಲೋಟಗಳು, ಬಗೆಬಗೆಯ ದಾರ, ಮತ್ತು ಶಬ್ದದ ರೋಹಿತ, ಅಂದರೆ ಅದರಲ್ಲಿ ಯಾವ ಆವೃತ್ತಿ (ಸೆಕೆಂಡಿಗೆ ಎಷ್ಟು ಕಂಪನ, ಹರ್ಟ್ಸ್ ಲೆಕ್ಕದಲ್ಲಿ) ಎಷ್ಟು ಜೋರಾಗಿದೆ ಎಂಬ ಚಿತ್ರ, ತೋರಿಸುವ ಆ್ಯಪ್ ಇರುವ ಮೊಬೈಲು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ರೋಹಿತವೂ ಇದೆ, ಬೇಕಾದ ಆವೃತ್ತಿಯ ನಾದ ಹೊರಡಿಸುವ ಸೌಲಭ್ಯವೂ ಇದೆ.

ಮೊದಲು ಕಿವಿಗೆ ರೂಢಿ ಮಾಡಿಸಿ

ಉಕ್ಕಿನ ಚಮಚವೊಂದರ ಹಿಡಿಯನ್ನು 1 ಮೀಟರ್ ದಾರದ ನಡುವಿಗೆ ಕಟ್ಟಿ. ದಾರದ ಎರಡೂ ತುದಿಗಳನ್ನು ತೋರುಬೆರಳುಗಳಿಗೆ ಎರಡೆರಡು ಸುತ್ತು ಸುತ್ತಿ, ಬಾಗಿ ನಿಂತು, ಚಮಚ ಮೇಜಿನ ಅಂಚಿಗೆ ತಾಗುವಂತೆ ತೂಗಾಡಿಸಿ. ಬರೀ ಕಿವಿಗೆ ಕೇಳುವುದು ಒಂದು ಸಣ್ಣ "ಟಿಣ್". ಈಗ ಆ ಬೆರಳುಗಳನ್ನೇ ಕಿವಿಯ ಬಾಯಿಗೆ ಒತ್ತಿಕೊಂಡು ಮತ್ತೆ ತಾಗಿಸಿ. ದೊಡ್ಡ ಗಂಟೆಯಂಥ ನಾದ ಕೇಳುತ್ತದೆ.

ಚಮಚ ಮೊದಲೂ ಅಷ್ಟೇ ಕಂಪಿಸುತ್ತಿತ್ತು. ಅದು ತೆಳ್ಳಗಿನದು, ಗಾಳಿಯನ್ನು ದೂಡಲು ಮೈ ಸಾಲದು. ಅದರಲ್ಲೂ ತಗ್ಗಿನ ಸ್ವರಗಳು ಗಾಳಿಗೆ ಇಳಿಯುವುದೇ ಇಲ್ಲ. ಚಮಚದಿಂದ ಗಾಳಿಗೆ ಎಂಬ ಆ ಕೆಟ್ಟ ಜೋಡಣೆಯನ್ನು ದಾರ ಮತ್ತು ಬೆರಳು ತಪ್ಪಿಸಿಕೊಟ್ಟವು. ನಾದ ಮಂಕಾಗಿ ಕೇಳಿದರೆ ದಾರ ಎಲ್ಲೋ ಬಟ್ಟೆಗೋ ಕೆನ್ನೆಗೋ ತಾಗುತ್ತಿದೆ, ಇಲ್ಲವೇ ಉಣ್ಣೆಯಂಥ ಮೆತ್ತನೆಯ ದಾರ ಬಳಸಿದ್ದೀರಿ.

ರೈಲು ಹಳಿಗೆ ಕಿವಿಗೊಡುವ ಪ್ರಯೋಗ ಇದೇ ಜಾತಿಯದು. ಅದನ್ನು ಮಾಡಬೇಡಿ. ಮೆಟ್ಟಿಲ ಬದಿಯ ಉದ್ದನೆಯ ಕಬ್ಬಿಣದ ಕಂಬಿಯೋ ಬೇಲಿಯ ಕೊಳವೆಯೋ ಅಷ್ಟೇ ಚೆನ್ನಾಗಿ ಪಾಠ ಹೇಳುತ್ತದೆ. 1808ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಬಿಯೋ ಪ್ಯಾರಿಸ್ಸಿನಲ್ಲಿ ಸುಮಾರು 951 ಮೀಟರ್ ಉದ್ದದ ಎರಕದ ಕಬ್ಬಿಣದ ಕೊಳವೆಸಾಲಿನ ಒಂದು ತುದಿಯಲ್ಲಿ ಹೊಡೆದಾಗ ಇನ್ನೊಂದು ತುದಿಯಲ್ಲಿ ಎರಡು ಶಬ್ದ ಕೇಳಿದವು: ಮೊದಲು ಲೋಹದ ಮೂಲಕ ಬಂದದ್ದು, ಸುಮಾರು 2.5 ಸೆಕೆಂಡಿನ ನಂತರ ಒಳಗಿನ ಗಾಳಿಯ ಮೂಲಕ ಬಂದದ್ದು.

ಲೋಹದ ಸರಳಿನಲ್ಲಿ ವೇಗ ಅಳೆಯುವುದು

ಮನೆಯಲ್ಲಿ ಮಾಡಬಹುದಾದ ಅಳತೆಗಳಲ್ಲಿ ಇಷ್ಟು ನಿಖರವಾದದ್ದು ಇನ್ನೊಂದಿಲ್ಲ. ಸರಳಿನ ತುದಿಗೆ ಹೊಡೆದಾಗ ಒತ್ತಡದ ಅಲೆ ಇನ್ನೊಂದು ತುದಿಗೆ ಓಡಿ, ಅಲ್ಲಿಂದ ಪುಟಿದು ಮರಳುತ್ತದೆ. ಹೀಗೆ ಹೋಗಿ ಬರುವ ಒಂದು ಸುತ್ತು ಎಂದರೆ ಉದ್ದದ ಎರಡರಷ್ಟು ದೂರ. ಸೆಕೆಂಡಿಗೆ ಎಷ್ಟು ಸುತ್ತು ಎಂಬುದೇ ನಮಗೆ ಕೇಳುವ ನಾದದ ಆವೃತ್ತಿ. ಹಾಗಾಗಿ ವೇಗ = 2 × ಉದ್ದ × ಆವೃತ್ತಿ.

1. ಸರಳಿನ ಉದ್ದವನ್ನು ಮಿಲಿಮೀಟರಿನವರೆಗೆ ಅಳೆಯಿರಿ. ಸರಿಯಾಗಿ ನಡುವಿಗೆ ಒಂದು ಗುರುತು, ತುದಿಯಿಂದ ಕಾಲುಭಾಗಕ್ಕೆ ಇನ್ನೊಂದು ಗುರುತು ಹಾಕಿ.
2. ಆ್ಯಪ್‌ನ ರೋಹಿತದಲ್ಲಿ ಮಾದರಿಗಳ (ಶಬ್ದವನ್ನು ಕ್ಷಣಕ್ಷಣ ಅಳೆದ ಅಂಕಿಗಳ) ಸಂಖ್ಯೆಯನ್ನು 16,384ಕ್ಕೆ ಇಡಿ. ಮೊಬೈಲು ಸೆಕೆಂಡಿಗೆ 48,000 ಮಾದರಿ ತೆಗೆದುಕೊಳ್ಳುವುದಾದರೆ ಆಗ ಸುಮಾರು 3 ಹರ್ಟ್ಸ್ ವ್ಯತ್ಯಾಸವೂ ಕಾಣುತ್ತದೆ. 1,024ರಲ್ಲೇ ಬಿಟ್ಟರೆ 47 ಹರ್ಟ್ಸ್‌ಗಿಂತ ಚಿಕ್ಕ ವ್ಯತ್ಯಾಸ ಕಾಣದು.
3. ನಡುಗುರುತನ್ನು ಹೆಬ್ಬೆರಳು, ತೋರುಬೆರಳುಗಳ ತುದಿಯಿಂದ ಮಾತ್ರ ಚಿವುಟಿ ಹಿಡಿದು ಸರಳನ್ನು ನೆಟ್ಟಗೆ ಎತ್ತಿ. ಮುಷ್ಟಿ ಬೇಡ.
4. ಮೇಲಿನ ತುದಿಯ ಮುಖಕ್ಕೆ, ಸರಳಿನ ಉದ್ದದ ದಿಕ್ಕಿನಲ್ಲೇ, ಸುತ್ತಿಗೆಯಿಂದ ಹಗುರಾಗಿ ಒಮ್ಮೆ ತಟ್ಟಿ. ಕೀರಲು ದನಿಯ ಉದ್ದನೆಯ ನಾದ ಹೊರಡುತ್ತದೆ.
5. ಮೊಬೈಲನ್ನು ತುದಿಯಿಂದ 10–20 ಸೆಂ.ಮೀ. ದೂರದಲ್ಲಿಟ್ಟು ಅತ್ಯಂತ ಎತ್ತರದ ಶಿಖರದ ಆವೃತ್ತಿ ಓದಿ. ಐದು ಸಲ ಮಾಡಿ. ಐದೂ ಹೆಚ್ಚುಕಡಿಮೆ ಒಂದೇ ಬರಬೇಕು.

1 ಮೀಟರ್ ಉಕ್ಕಿನ ಸರಳು 2,500 ಹರ್ಟ್ಸ್ ಆಸುಪಾಸಿನಲ್ಲಿ ಹಾಡುತ್ತದೆ. 2,520 ಬಂದರೆ ವೇಗ ಸೆಕೆಂಡಿಗೆ 5,040 ಮೀಟರ್. ಹಿತ್ತಾಳೆಯದು ಸುಮಾರು 1,700, ತಾಮ್ರದ್ದು ಸುಮಾರು 1,850. ಅಲ್ಯೂಮಿನಿಯಂ? ಮತ್ತೆ ಅದೇ 2,500ರ ಹತ್ತಿರ! ಉಕ್ಕು ಅದರ ಮೂರರಷ್ಟು ಭಾರ, ಮೂರರಷ್ಟೇ ಪೆಡಸು. ಎರಡೂ ಕಳೆದುಹೋಗಿ ವೇಗ ಸಮವಾಗುತ್ತದೆ. ಎರಡು ಸರಳುಗಳನ್ನೂ ಕೈಯಲ್ಲಿ ಹಿಡಿದು ತೂಕ ನೋಡಿ, ಒಂದಾದ ಮೇಲೊಂದು ತಟ್ಟಿ ಶ್ರುತಿ ಕೇಳಿದರೆ ಸೂತ್ರ ಬಾಯಿಪಾಠ ಮಾಡುವ ಅಗತ್ಯವೇ ಬೀಳದು.

ತಪ್ಪುವುದು ಎಲ್ಲಿ? ಹೆಚ್ಚಿನ ಸಲ, ಏಟು ಓರೆಯಾಗಿ ಬಿದ್ದಾಗ. ಆಗ ಸರಳು ಬಾಗಿ ಕಂಪಿಸುತ್ತದೆ. ಆ ಕಂಪನದ ಶಿಖರಗಳು ರೋಹಿತದಲ್ಲಿ ಕೆಳಗೆ ಗುಂಪಾಗಿ ಬರುತ್ತವೆ, ಅವಕ್ಕೂ ನಮ್ಮ ಸೂತ್ರಕ್ಕೂ ಸಂಬಂಧವಿಲ್ಲ. ಸಿಕ್ಕ ಶಿಖರ ನಿಜವಾದದ್ದೇ ಎಂದು ತಿಳಿಯಲು ಕಾಲುಭಾಗದ ಗುರುತು ಹಿಡಿದು ತಟ್ಟಿ. ಉದ್ದುದ್ದ ಓಡುವ ಅಲೆಯಾಗಿದ್ದರೆ ಮೊದಲ ನಾದ ಬೇಗ ಸತ್ತು, ಸರಿಯಾಗಿ ಅದರ ಎರಡರಷ್ಟು ಆವೃತ್ತಿಯದು, ಅಂದರೆ ಸುಮಾರು 5,000 ಹರ್ಟ್ಸ್, ಮೊಳಗುತ್ತದೆ. ಬಾಗುವ ಕಂಪನಗಳು ಹೀಗೆ ಸರಿಯಾಗಿ ಎರಡು ಪಟ್ಟು, ಮೂರು ಪಟ್ಟು ಎಂದು ಬರುವುದಿಲ್ಲ. ನಾದ ಹುಟ್ಟುತ್ತಲೇ ಸಾಯುತ್ತಿದ್ದರೆ ಬೆರಳು ನಡುಗುರುತಿನಿಂದ ಜರುಗಿದೆ ಅಥವಾ ಹಿಡಿತ ಅಗಲವಾಗಿದೆ. ನಡುವಿನ ಬಿಂದು ಅಲುಗುವುದಿಲ್ಲ, ಅದಕ್ಕೇ ಅಲ್ಲಿ ಹಿಡಿಯಬಹುದು.

ಸರಳು ಅರ್ಧ ಮೀಟರ್ ಮಾತ್ರ ಇದ್ದರೂ ಅಡ್ಡಿಯಿಲ್ಲ. ಆವೃತ್ತಿ ಎರಡು ಪಟ್ಟಾಗುತ್ತದೆ, ಮೊಬೈಲಿನ ಮೈಕಿಗೆ ಅದೂ ಕೇಳುತ್ತದೆ.

ಪುಸ್ತಕದ ಕೋಷ್ಟಕಗಳಲ್ಲಿ ಉಕ್ಕಿಗೆ 5,900 ಎಂದಿರುವುದನ್ನು ಕಂಡು ನಿಮ್ಮ ಅಳತೆ ತಪ್ಪಿತೆಂದು ಕೈಬಿಡಬೇಡಿ. ತೆಳ್ಳನೆಯ ಸರಳನ್ನು ಒತ್ತಿದಾಗ ಅದು ಪಕ್ಕಕ್ಕೆ ಉಬ್ಬಿಕೊಳ್ಳಲು ಜಾಗವಿದೆ, ಹಾಗಾಗಿ ತುಸು ಮೆತ್ತಗೆ ವರ್ತಿಸುತ್ತದೆ. ದಪ್ಪ ಗಟ್ಟಿಯ ಒಳಗೆ ಆ ಅವಕಾಶವಿಲ್ಲ. ಶ್ರವಣಾತೀತ ಶಬ್ದದಿಂದ ಉಕ್ಕಿನ ದಪ್ಪ ಅಳೆಯುವವರು ಉಪಕರಣದಲ್ಲಿ 5,920ರ ಸುಮಾರಿನ ಅಂಕಿ ಕೂರಿಸುವುದು ಇದೇ ಕಾರಣಕ್ಕೆ. ಘನವಸ್ತುವಿನೊಳಗೆ ಅಡ್ಡಡ್ಡ ಅಲುಗುವ ಇನ್ನೊಂದು ಬಗೆಯ ಅಲೆಯೂ ಓಡುತ್ತದೆ. ಉಕ್ಕಿನಲ್ಲಿ ಅದರ ವೇಗ ಸುಮಾರು 3,200. ಗಾಳಿ, ನೀರುಗಳ ಒಡಲೊಳಗೆ ಅದು ಸಾಗುವುದೇ ಇಲ್ಲ.

ಮರದ ಕೋಲಿನಿಂದಲೂ ಇದೇ ಅಳತೆ ಆಗುತ್ತದೆ. ನಾದದ ಬದಲು ಗಿಡ್ಡನೆಯ "ಟಕ್" ಬರುವುದರಿಂದ ಹೆಚ್ಚು ಸಲ ತಟ್ಟಿ ಸರಾಸರಿ ತೆಗೆಯಬೇಕು. ನಾರಿನ ಉದ್ದಕ್ಕೆ 3,500ರಿಂದ 5,000 ಬರುತ್ತದೆ. ನಾರಿಗೆ ಅಡ್ಡಲಾಗಿ ಅದರ ಮೂರರಲ್ಲೊಂದಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತದೆ. ವೇಗದಲ್ಲಿ ಲೋಹಕ್ಕೆ ಸಮನಾದ ಮರ ನಾದವನ್ನು ಉಳಿಸಿಕೊಳ್ಳುವುದರಲ್ಲಿ ಹತ್ತಿರಕ್ಕೂ ಬರದು. ಒಂದನೇ ಪ್ರಶ್ನೆ ಬೇರೆ, ಎರಡನೇ ಪ್ರಶ್ನೆ ಬೇರೆ ಎಂದದ್ದು ಇದಕ್ಕೇ.

ಗಾಳಿಯಲ್ಲಿ: ಕೊಳವೆ ಮತ್ತು ಬಕೆಟ್ಟು

ಬಕೆಟ್ಟಿನಲ್ಲಿ ಕನಿಷ್ಠ 26 ಸೆಂ.ಮೀ. ಆಳಕ್ಕೆ ನೀರು ತುಂಬಿ. ಮೊಬೈಲಿನಿಂದ 1,000 ಹರ್ಟ್ಸ್ ನಾದವನ್ನು ಮಧ್ಯಮ ಜೋರಿನಲ್ಲಿ ಹಾಕಿ, ಅದರ ಸ್ಪೀಕರನ್ನು ಕೊಳವೆಯ ಬಾಯಿಯ ಮೇಲೆ 2 ಸೆಂ.ಮೀ. ಅಂತರದಲ್ಲಿ ಹಿಡಿಯಿರಿ. ಬಾಯಿಯನ್ನು ಮುಚ್ಚಬಾರದು, ಮೊಬೈಲು ಜಾರಿ ನೀರಿಗೆ ಬೀಳದಂತೆ ಇನ್ನೊಬ್ಬರು ಹಿಡಿದುಕೊಂಡರೆ ವಾಸಿ. ಕೊಳವೆಯ ಕೆಳತುದಿ ಬಕೆಟ್ಟಿನ ತಳ ಮುಟ್ಟುವಷ್ಟು ಮುಳುಗಿಸಿದ ಸ್ಥಿತಿಯಿಂದ ನಿಧಾನವಾಗಿ ಮೇಲಕ್ಕೆತ್ತುತ್ತಾ ಬನ್ನಿ, ಮೊಬೈಲೂ ಜೊತೆಗೇ ಏರಲಿ. ನೀರಿನ ಮೇಲೆ ಸುಮಾರು 8 ಸೆಂ.ಮೀ. ಕಂಡಾಗ ನಾದ ತಟ್ಟನೆ ಜೋರಾಗುತ್ತದೆ. ಅಲ್ಲಿ ಗುರುತು ಹಾಕಿ. ಮತ್ತೆ ಎತ್ತಿ, 25ರ ಹತ್ತಿರ ಇನ್ನೊಮ್ಮೆ ಜೋರಾಗುತ್ತದೆ.

ಎರಡು ಗುರುತುಗಳ ನಡುವಿನ ಅಂತರ ಅರ್ಧ ತರಂಗದೂರ, ಅಂದರೆ ಒಂದು ಅಲೆಯ ಉದ್ದದ ಅರ್ಧ. ಅದು 17.2 ಸೆಂ.ಮೀ. ಇದ್ದರೆ ವೇಗ 2 × 1,000 × 0.172 = 344 ಮೀಟರ್. ಒಂದೇ ಗುರುತಿನಿಂದ ಲೆಕ್ಕ ಹಾಕಿದರೆ ತಪ್ಪು ಬರುತ್ತದೆ, ಏಕೆಂದರೆ ಗಾಳಿಯ ಕಂಬ ಕೊಳವೆಯ ಬಾಯಿಯಿಂದ ಹೊರಕ್ಕೂ ವ್ಯಾಸದ ಸುಮಾರು 0.3ರಷ್ಟು ಚಾಚಿಕೊಂಡಿರುತ್ತದೆ. ಎರಡು ಗುರುತುಗಳ ವ್ಯತ್ಯಾಸ ತೆಗೆದಾಗ ಆ ಚಾಚು ತಾನೇ ಕಳೆದುಹೋಗುತ್ತದೆ. ಗುರುತಿನಲ್ಲಿ 2 ಮಿ.ಮೀ. ಹೆಚ್ಚುಕಡಿಮೆಯಾದರೆ ವೇಗದಲ್ಲಿ 4 ಮೀಟರ್ ವ್ಯತ್ಯಾಸ ಬೀಳುತ್ತದೆ, ಹಾಗಾಗಿ ಮೇಲೆತ್ತುವಾಗ ಒಂದು ಸಲ, ಇಳಿಸುವಾಗ ಒಂದು ಸಲ ಗುರುತಿಸಿ ನಡುವಿನದನ್ನು ತೆಗೆದುಕೊಳ್ಳಿ.

ಉತ್ತರವನ್ನು ತಾಳೆ ನೋಡಲು ಕೋಣೆಯ ತಾಪ ಗೊತ್ತಿರಬೇಕು. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 331, ಪ್ರತಿ ಡಿಗ್ರಿಗೆ 0.6 ಸೇರಿಸಿ, 20 ಡಿಗ್ರಿಗೆ 343, 30ಕ್ಕೆ 349. ವಾಯುಭಾರ ಹೆಚ್ಚಾದರೂ ಕಡಿಮೆಯಾದರೂ ವೇಗ ಬದಲಾಗದು, ಪೆಡಸೂ ಸಾಂದ್ರತೆಯೂ ಒಟ್ಟಿಗೆ ಏರಿಳಿಯುತ್ತವಲ್ಲ. ನ್ಯೂಟನ್ ಈ ವೇಗವನ್ನು ಲೆಕ್ಕ ಹಾಕಿ ಸುಮಾರು ಶೇ. 15ರಷ್ಟು ಕಡಿಮೆ ಪಡೆದಿದ್ದರು. ಶಬ್ದದಲೆ ಒತ್ತಿದ ಗಾಳಿ ಕ್ಷಣಮಾತ್ರ ಬಿಸಿಯಾಗಿ ಇನ್ನಷ್ಟು ಪೆಡಸಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿ ಸರಿಪಡಿಸಿದವರು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್.

ಗಂಟೆಯಾಕಾರದ ಗಾಜಿನ ಜಾಡಿಯೊಳಗಿನ ಗಾಳಿ ತೆಗೆದರೆ ಒಳಗಿನ ಬೆಲ್ಲು ಕೇಳದಾಗುವ ಪ್ರಯೋಗವನ್ನು ಎಲ್ಲರೂ ನೋಡಿದ್ದೇವೆ. ಅಲ್ಲೂ ಪಂಪು ಗಾಳಿಯನ್ನು ಪೂರ್ತಿ ತೆಗೆದಿರುವುದಿಲ್ಲ. ಉಳಿದ ತೆಳುಗಾಳಿಯಲ್ಲಿ ಶಬ್ದ ಸಾಗುತ್ತಲೇ ಇರುತ್ತದೆ. ಬೆಲ್ಲಿನಿಂದ ತೆಳುಗಾಳಿಗೆ, ತೆಳುಗಾಳಿಯಿಂದ ಗಾಜಿಗೆ ದಾಟುವ ಎರಡು ಜೋಡಣೆಗಳು ಕೆಟ್ಟದ್ದರಿಂದ ಬೆಲ್ಲು ಕ್ಷೀಣಿಸುತ್ತದೆ.

ನೀರು, ಮತ್ತು ಗುಳ್ಳೆ ಬೆರೆತ ನೀರು

ನೀರಿನಲ್ಲಿ ವೇಗ 20 ಡಿಗ್ರಿಯಲ್ಲಿ ಸುಮಾರು 1,480. 1826ರಲ್ಲಿ ವಿಜ್ಞಾನಿಗಳಾದ ಕೊಲಾಡನ್ ಮತ್ತು ಸ್ಟರ್ಮ್ ಜಿನೀವಾ ಸರೋವರದಲ್ಲಿ ಎರಡು ದೋಣಿಗಳನ್ನು 13 ಕಿ.ಮೀ.ಗೂ ಹೆಚ್ಚು ದೂರದಲ್ಲಿ ನಿಲ್ಲಿಸಿ, ನೀರೊಳಗಿನ ಗಂಟೆ ಬಾರಿಸಿದ ಕ್ಷಣವೇ ಮದ್ದಿನ ಪುಡಿ ಹೊತ್ತಿಸಿ, ಬೆಳಕು ಕಂಡಲ್ಲಿಂದ ಶಬ್ದ ಕೇಳುವವರೆಗಿನ ಹೊತ್ತನ್ನು ಎಣಿಸಿದರು. 8 ಡಿಗ್ರಿಯ ನೀರಿಗೆ ಅವರಿಗೆ ಸಿಕ್ಕಿದ್ದು 1,435.

ಬಕೆಟ್ಟಿನಲ್ಲಿ ವೇಗ ಅಳೆಯಲಾಗದು, ಜೋಡಣೆಯನ್ನು ಮಾತ್ರ ಚೆನ್ನಾಗಿ ನೋಡಬಹುದು. ಒಬ್ಬರು ಎರಡು ಚಮಚಗಳನ್ನು ನೀರೊಳಗೆ ಒಂದಕ್ಕೊಂದು ತಟ್ಟಲಿ, ಕೈ ಬಕೆಟ್ಟಿಗೆ ತಾಗದಿರಲಿ. ಮೇಲಿನಿಂದ ಕೇಳಿ. ಆಮೇಲೆ ಕೊಳವೆಯ ಒಂದು ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ತಮಟೆಯ ಚರ್ಮದಂತೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿ, ಆ ತುದಿಯನ್ನು ನೀರಿಗಿಳಿಸಿ, ಇನ್ನೊಂದು ತುದಿಗೆ ಕಿವಿಯಿಟ್ಟು ಕೇಳಿ. ಶಬ್ದ ಎಷ್ಟೋ ಸ್ಪಷ್ಟ. ಗಾಳಿಗೂ ನೀರಿಗೂ ನಡುವೆ ನೇರವಾಗಿ ದಾಟುವ ಶಬ್ದಶಕ್ತಿ ಸಾವಿರದಲ್ಲಿ ಒಂದು ಪಾಲು ಮಾತ್ರ, ಉಳಿದದ್ದು ಪುಟಿದು ಹಿಂದಿರುಗುತ್ತದೆ. ಪೊರೆ ಆ ಪಾಲನ್ನು ಹೆಚ್ಚಿಸುವುದಿಲ್ಲ. ಶಬ್ದದ ಮೂಲದ ಹತ್ತಿರಕ್ಕೇ ಹೋಗಿ, ದಾಟಿ ಬಂದಷ್ಟನ್ನು ಚದುರದಂತೆ ಕೊಳವೆಯಲ್ಲಿ ಕಿವಿಗೆ ತಲುಪಿಸುತ್ತದೆ. ಕೊಲಾಡನ್ ಆಲಿಸಿದ್ದೂ ನೀರಿಗಿಳಿಸಿದ ಮುಚ್ಚುತುದಿಯ ಉದ್ದ ಕೊಳವೆಯಿಂದಲೇ. ಹಾಳೆ ಸಡಿಲವಾದರೆ, ಅದರ ಕೆಳಗೆ ಗುಳ್ಳೆ ಸಿಕ್ಕಿಕೊಂಡರೆ ಫಲ ಸಿಗದು.

ಆ ಗುಳ್ಳೆಯ ಮಹಿಮೆ ಬೇರೆಯೇ ನೋಡಬೇಕು. ದಪ್ಪ ಪಿಂಗಾಣಿ ಕಪ್ಪಿನಲ್ಲಿ ಮುಕ್ಕಾಲು ಭಾಗ ತುಂಬ ಬಿಸಿ ನೀರು ಹಾಕಿ, ಒಂದು ಚಮಚ ಕರಗುವ ಕಾಫಿಪುಡಿ ಬೆರೆಸಿ ಗಿರ್ರನೆ ಕಲಕಿ. ಕಲಕುವುದು ನಿಲ್ಲಿಸಿದ ಕೂಡಲೇ ಕಪ್ಪಿನ ತಳವನ್ನು ಒಳಗಿನಿಂದ ಚಮಚದ ತುದಿಯಲ್ಲಿ ಒಂದೇ ಜಾಗದಲ್ಲಿ, ಒಂದೇ ಲಯದಲ್ಲಿ ತಟ್ಟುತ್ತಾ ಇರಿ. ಮೊದಲು ತಗ್ಗಿನ "ದುಬ್", ಬರಬರುತ್ತ ಶ್ರುತಿ ಏರುತ್ತಾ ಒಂದು ಸ್ಥಾಯಿಗೂ ಮೇಲೆ ಹೋಗಬಹುದು. ಮತ್ತೆ ಕಲಕಿದರೆ ಮತ್ತೆ ತಗ್ಗುತ್ತದೆ. ನೀರಿನ ಗಾತ್ರದಲ್ಲಿ ಸಾವಿರಕ್ಕೆ ಒಂದು ಪಾಲು ಗಾಳಿಯ ಸಣ್ಣ ಗುಳ್ಳೆಗಳು ಸೇರಿದರೂ ವೇಗ 1,480ರಿಂದ ಸುಮಾರು 360ಕ್ಕೆ ಕುಸಿಯುತ್ತದೆ. ನೂರಕ್ಕೆ ಒಂದು ಪಾಲಾದರೆ 120ರ ಹತ್ತಿರ, ಅಂದರೆ ಬರೀ ಗಾಳಿಗಿಂತಲೂ ನಿಧಾನ. ಮಿಶ್ರಣದ ಭಾರ ನೀರಿನದು, ಪೆಡಸು ಗಾಳಿಯದು. ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಗುಳ್ಳೆಗಳು ಮೇಲೇರಿ ಒಡೆದಂತೆ ವೇಗ ಮರಳುತ್ತದೆ, ಶ್ರುತಿಯೂ ಏರುತ್ತದೆ. ತಣ್ಣೀರಿನಲ್ಲಿ, ಕಾಗದದ ಲೋಟದಲ್ಲಿ ಇದು ಕೈಕೊಡುತ್ತದೆ.

ದಾರದ ಫೋನು

ಎಲ್ಲರೂ ಮಾಡಿದ ಆಟಿಕೆ, ಆದರೂ ಹತ್ತರಲ್ಲಿ ಎಂಟು ಕೆಲಸ ಮಾಡುವುದಿಲ್ಲ. 200 ಮಿ.ಲೀ. ಕಾಗದದ ಲೋಟದ ತಳಕ್ಕೆ ಸೂಜಿಯಷ್ಟೇ ತೂತು ಸಾಕು. ದಾರವನ್ನು ಒಳಗೆ ಅರ್ಧ ಬೆಂಕಿಕಡ್ಡಿಗೆ ಕಟ್ಟಿ, ಕಡ್ಡಿ ತಳಕ್ಕೆ ಚಪ್ಪಟೆಯಾಗಿ ಕೂರುವಂತೆ ಎಳೆಯಿರಿ. 10 ಮೀಟರ್ ದಾರ ಒಳ್ಳೆಯ ಶುರು. ಮಾತಾಡುವಾಗ ದಾರ ಜೋಲು ಬೀಳದಂತೆ, ಬೆರಳಿನಿಂದ ಮೀಟಿದರೆ ಝೇಂಕರಿಸುವಷ್ಟು ಬಿಗಿ ಇರಬೇಕು. ಲೋಟವನ್ನು ಅಂಚಿನಲ್ಲಿ ಹಿಡಿಯಿರಿ. ಅಂಗೈ ತಳಕ್ಕೆ ತಾಗಿದರೆ ಕಂಪಿಸುವ ಪೊರೆಯೇ ಸತ್ತಂತೆ.

ಒಂದೇ ಲೋಟಗಳಿಗೆ ದಾರ ಬದಲಿಸಿ ನೋಡಿ. ಮೇಣ ಉಜ್ಜಿದ ಹತ್ತಿ ದಾರ ಸಾದಾ ಹತ್ತಿಗಿಂತ ವಾಸಿ, ಎಳೆಗಳು ಒಂದಕ್ಕೊಂದು ಉಜ್ಜಿಕೊಳ್ಳುವುದು ತಗ್ಗುತ್ತದೆ. ಮೀನು ಗಾಳದ ನೈಲಾನ್ ದಾರ ಇನ್ನೂ ಚೆನ್ನ. ತೆಳು ತಾಮ್ರದ ತಂತಿ ಎಲ್ಲಕ್ಕಿಂತ ಸ್ಪಷ್ಟ, ಎಲ್ಲಾದರೂ ಮಡಿಕೆ ಬಿದ್ದರೆ ಮಾತ್ರ ಅಲ್ಲಿಗೆ ಮುಗಿಯಿತು. ಉಣ್ಣೆ ದಾರ, ರಬ್ಬರ್ ಎಳೆ ಮಾತನ್ನು ನುಂಗುತ್ತವೆ. ಮೂಲೆ ತಿರುಗಿಸಬೇಕಾದರೆ ದಾರವನ್ನು ಗೋಡೆಗೆ ತಾಗಿಸದೆ, ಮೊಳೆಯಿಂದ ಇಳಿಬಿಟ್ಟ ಒಂದು ಗೇಣಿನ ದಾರದ ಕುಣಿಕೆಯೊಳಗೆ ಹಾಯಿಸಿ. ಲೈನಿನ ನಡುವೆ ಗಂಟು ಬೇಡ.

ತಡೆಯಬೇಕಾದಾಗ

ಸಾಗಿಸುವ ಗುಟ್ಟು ತಿಳಿದರೆ ತಡೆಯುವುದೂ ತಿಳಿಯುತ್ತದೆ. ಸದ್ದು ಮಾಡುವ ಮೊಬೈಲನ್ನು 5 ಸೆಂ.ಮೀ. ಫೋಮಿನಲ್ಲಿ ಸುತ್ತಿ ಒಮ್ಮೆ, ಮುಚ್ಚಳ ಬಿಗಿಯಾದ ಲೋಹದ ಡಬ್ಬಿಯಲ್ಲಿಟ್ಟು ಒಮ್ಮೆ, ಫೋಮ್ ಹಾಸಿದ ಡಬ್ಬಿಯಲ್ಲಿ ಒಮ್ಮೆ, 1 ಮೀಟರ್ ದೂರದಿಂದ ಇನ್ನೊಂದು ಮೊಬೈಲಿನಲ್ಲಿ ಡೆಸಿಬೆಲ್ ಓದಿ. ಮೊಬೈಲಿನ ಅಂಕಿಯನ್ನು ನಂಬಬೇಡಿ, ಅಂಕಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಬಳಸಿ. ಫೋಮ್ ಕೋಣೆಯೊಳಗಿನ ಪ್ರತಿಫಲನವನ್ನು ಹೀರುತ್ತದೆಯೇ ಹೊರತು ಗೋಡೆಯ ಕೆಲಸ ಮಾಡುವುದಿಲ್ಲ. ಅದರೊಳಗೆ ಗಾಳಿಗೆ ದಾರಿ ಇದೆ. ತಡೆಯುವುದು ಭಾರ: ಗೋಡೆಯ ಚದರ ಮೀಟರಿನ ತೂಕ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ತಗ್ಗುತ್ತದೆ.

ಭಾರವೂ ಸಂದಿಯೆದುರು ಸೋಲುತ್ತದೆ. ಬಾಗಿಲಿನ ವಿಸ್ತೀರ್ಣದ ನೂರರಲ್ಲೊಂದು ಪಾಲು ತೆರೆದಿದ್ದರೆ, ಉಳಿದದ್ದು ಎಷ್ಟೇ ದಪ್ಪವಿದ್ದರೂ, 20 ಡೆಸಿಬೆಲ್‌ಗಿಂತ ಹೆಚ್ಚು ತಡೆ ಸಿಗುವುದಿಲ್ಲ. ಬಾಗಿಲು ಬದಲಿಸುವ ಮುಂಚೆ ಅದರ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿ ನೋಡಿ. ಮಹಡಿಯ ಹೆಜ್ಜೆ ಸದ್ದಿಗೆ ಮಾತ್ರ ಭಾರ ಅಷ್ಟು ಒದಗದು, ಅದು ಹುಟ್ಟುವುದೇ ಘನದೊಳಗೆ. ಅಲ್ಲಿ ನೆಲಕ್ಕೂ ಹಾಸಿಗೂ ನಡುವೆ ಮೆತ್ತನೆಯ ಪದರ ಇಟ್ಟು ಜೋಡಣೆಯನ್ನೇ ಕೆಡಿಸಬೇಕು. ಡಬ್ಬಿಯ ಪ್ರಯೋಗದಲ್ಲೂ ಅಷ್ಟೇ. ಮುಚ್ಚಳ ಬಿಗಿಯಾದ ಮೇಲೂ ಸದ್ದು ತಗ್ಗದಿದ್ದರೆ ಡಬ್ಬಿಯ ಕೆಳಗೆ ಕೈಯಿಟ್ಟು ಮೇಜನ್ನು ಮುಟ್ಟಿ ನೋಡಿ, ಈಗ ಹಾಡುತ್ತಿರುವುದು ಮೇಜು. ಡಬ್ಬಿಯಡಿ ಒಂದು ತುಂಡು ಫೋಮ್ ತೂರಿಸಿ ಮತ್ತೆ ಓದಿ.